ಒಂದು ಸ್ಟಾರಿನ ಬೇಕರಿ

ಬಟ್ಟೆ ಒಗೆಯುವ ಮೆಷಿನ್ನು ಕೆಟ್ಟು ಎರಡು ತಿಂಗಳಾಗಿತ್ತು. ಹೊಸದಕ್ಕೆಂದು ತೆಗೆದಿಟ್ಟಿದ್ದ ಹಣವನ್ನು ಗಂಡ ಒಂದು ಬೆಳಿಗ್ಗೆ ಮಾರ್ಕೆಟಿಂಗ್ ಮೇಳದ ಸ್ಟಾಲಿಗೆ ಕಟ್ಟಿ ಬಂದ. ಮನೆಯಲ್ಲಿ ರಾಮಾಯಣವಾದೀತು ಎಂದು ಸೊಸೆ ಮೈ ಗಟ್ಟಿ ಮಾಡಿಕೊಂಡಿದ್ದಳು. ಯಾರೂ ಜಗಳ ತೆಗೆಯಲಿಲ್ಲ. ಅತ್ತೆ ಬಕೆಟ್ಟಿನ ಬಟ್ಟೆ ಹಿಂಡುತ್ತಲೇ, "ಹೋಗ್ಲಿ ಬಿಡು, ಕೈ ಇನ್ನೂ ಬಿದ್ದುಹೋಗಿಲ್ಲ," ಎಂದುಬಿಟ್ಟರು. ಮಾವ ಪೇಪರಿನಿಂದ ತಲೆ ಎತ್ತದೆ, ಮಗ ವಿಚಾರ ಮಾಡಿಯೇ ಮಾಡಿರುತ್ತಾನೆ ಎಂದರು. ಹನ್ನೆರಡು ವರ್ಷದ ಮಗಳು, ಮೇಳದಲ್ಲಿ ಪುಕ್ಕಟೆ ಪೆನ್ನು ಕೊಡುತ್ತಾರಂತೆ, ತನಗೆ ನಾಲ್ಕು ತರಬೇಕು ಎಂದಳು.

ಅವರದು ಮನೆಯೂ ಹೌದು, ಆಫೀಸೂ ಹೌದು. ಬೀದಿ ಕಡೆಯ ಕೋಣೆಯಲ್ಲಿ ಎರಡು ಮೇಜು, ಎರಡು ಕಂಪ್ಯೂಟರು, ಗೋಡೆಗೆ ಒಂದು ಬಿಳಿ ಬೋರ್ಡು. ಬಾಗಿಲ ಪಕ್ಕದಲ್ಲಿ ಏಜೆನ್ಸಿಯ ಹೆಸರು, ಅದರ ಕೆಳಗೇ ಮನೆಯವರೆಲ್ಲರ ಚಪ್ಪಲಿ. ಊರಿನ ಸಣ್ಣಪುಟ್ಟ ಅಂಗಡಿಗಳನ್ನು ಜನರ ಮೊಬೈಲಿನೊಳಗೆ ಕೂರಿಸುವುದು ಅವರ ಕಸುಬು. ಫೋಟೋ ತೆಗೆದು, ಎರಡು ಸಾಲು ಬರೆದು, ಗಿರಾಕಿಗಳ ಜೊತೆ ಮಾತಾಡುವುದು ಸೊಸೆಯ ಪಾಲು. ಯಾವ ಜಾಹೀರಾತು ಯಾರಿಗೆ ಕಾಣಬೇಕು, ಎಷ್ಟು ಹೊತ್ತು ಕಾಣಬೇಕು ಎಂಬ ಲೆಕ್ಕಾಚಾರವೆಲ್ಲ ಗಂಡನದು. ಐದು ವರ್ಷದಲ್ಲಿ ಕಷ್ಟಪಟ್ಟು ಹನ್ನೊಂದು ಗಿರಾಕಿಗಳನ್ನು ಕಟ್ಟಿಕೊಂಡಿದ್ದರು. ಅವರಲ್ಲಿ ಭಾರಿ ಕುಳ ಎಂದರೆ ಮೂರು ಅಂಗಡಿಗಳ ದೊಡ್ಡ ಬೇಕರಿಯ ಮಾಲೀಕ. ಆತ ಕೆಮ್ಮಿದರೆ ಇವರ ಮನೆಯಲ್ಲಿ ಎಲ್ಲರಿಗೂ ಶೀತ.

ಮಾವ ಮೂವತ್ತು ವರ್ಷ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ನಿವೃತ್ತರಾದರೂ ಕಚೇರಿ ಅವರನ್ನು ಬಿಟ್ಟಿರಲಿಲ್ಲ. ಹಾಲಿನವನಿಗೆ ಚೀಟಿ ಬರೆದರೂ "ವಿಷಯ" ಎಂದು ಮೇಲೊಂದು ಗೆರೆ ಎಳೆಯುತ್ತಿದ್ದರು. ಅತ್ತೆಗೆ ಬರೆಯುವ ಅಭ್ಯಾಸವಿರಲಿಲ್ಲ, ಆದರೆ ಅವರ ಬಾಯಿ ಮುಂದೆ ಬರೆಯುವವರು ನಾಚಬೇಕು. ಸೊಸೆಯ ಕೈಯಡುಗೆಗೆ ಉಪ್ಪು ಜಾಸ್ತಿಯಾದ ದಿನ, "ಇದನ್ನ ನಾನು ಶತ್ರುಗೂ ಕೊಡಲ್ಲ, ಶತ್ರುವಿನ ಬೆಕ್ಕಿಗೂ ಕೊಡಲ್ಲ," ಎನ್ನುತ್ತಲೇ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು. ಬೇಜಾರು ಮಾಡಿಕೊಳ್ಳುವುದನ್ನು ಸೊಸೆ ಮದುವೆಯಾದ ಮೊದಲ ವರ್ಷಕ್ಕೇ ಬಿಟ್ಟಿದ್ದಳು.

ಮೇಳಕ್ಕೆ ಮೂರು ವಾರವಿತ್ತು. ಸ್ಟಾಲಿನ ಹಿಂದೆ ತೂಗುಹಾಕುವ ಬ್ಯಾನರಿಗೆ ಒಂದು ಸಾಲು ಬೇಕಿತ್ತು. ಸೊಸೆ ನಾಲ್ಕು ದಿನ ತಲೆ ಕೆಡಿಸಿಕೊಂಡು, ಊಟಕ್ಕೆ ಕೂತಾಗ ಎಲ್ಲರ ಮುಂದೆ ಓದಿದಳು.

"ಸುಳ್ಳಿಲ್ಲದ ಪ್ರಚಾರ. ನಿಜವಾದ ಗಿರಾಕಿ, ನಿಜವಾದ ಮಾತು."

ಗಂಡ ಲೋಟವೆತ್ತಿ ಗಟಗಟ ನೀರು ಕುಡಿದ. ಮಾವ ಗಂಟಲು ಸರಿಮಾಡಿಕೊಂಡರು. ಮಗಳು ಅಜ್ಜಿಯ ಮುಖ ನೋಡಿ ತಟ್ಟೆ ನೋಡಿದಳು. ಅತ್ತೆಯೊಬ್ಬರೇ, ಕೇಳುವುದಕ್ಕೆ ಚೆನ್ನಾಗಿದೆ, ದೊಡ್ಡ ಅಕ್ಷರದಲ್ಲಿ ಹಾಕಿಸು ಎಂದರು. ಎಲ್ಲರೂ ಮೆಚ್ಚಿ ಮೂಕರಾದರು ಎಂದುಕೊಂಡು ಸೊಸೆ ಮಾರನೇ ದಿನವೇ ಅಚ್ಚಿಗೆ ಕೊಟ್ಟಳು. ಜೊತೆಗೊಂದು ಪೋಸ್ಟರು: ದೊಡ್ಡ ಬೇಕರಿಯ ಫೋಟೋ, ಪಕ್ಕದಲ್ಲಿ ಏಣಿಯ ಹಾಗೆ ಏರುವ ಗೆರೆ, ಕೆಳಗೆ "ಆರು ತಿಂಗಳಲ್ಲಿ ಗಿರಾಕಿಗಳು ದುಪ್ಪಟ್ಟು".

ಮೇಳ ನಡೆದದ್ದು ಊರ ಹೊರಗಿನ ದೊಡ್ಡ ಹಾಲಿನಲ್ಲಿ. ಬಾಗಿಲಲ್ಲೇ ಭಾರಿ ಕಂಪನಿಗಳ ಸ್ಟಾಲುಗಳು. ಗೋಡೆಯಷ್ಟೇ ದೊಡ್ಡ ಪರದೆ, ಕೂರಲು ಸೋಫಾ, ಕೇಳಿದವರಿಗೂ ಕೇಳದವರಿಗೂ ಕಾಫಿ. ಇವರ ಸ್ಟಾಲು ಸಿಕ್ಕಿದ್ದು ಕಟ್ಟಕಡೆಯ ಸಾಲಿನಲ್ಲಿ, ಶೌಚಾಲಯಕ್ಕೆ ತಿರುಗುವ ಮೂಲೆಯಲ್ಲಿ. ಒಂದು ಮೇಜು, ಎರಡು ಕುರ್ಚಿ, ಬಟ್ಟಲಲ್ಲಿ ಪೆಪ್ಪರಮೆಂಟು. ಜನ ಬರುತ್ತಿದ್ದರು, ಆದರೆ ಅವಸರದಲ್ಲಿ ಬರುತ್ತಿದ್ದರು, ವಾಪಸು ಹೋಗುವಾಗ ಪೆಪ್ಪರಮೆಂಟು ತೆಗೆದುಕೊಳ್ಳುತ್ತಿದ್ದರು. ನಿಂತು ಮಾತಾಡಿದವರು ಇವರಂತೆಯೇ ಇನ್ನೊಂದು ಏಜೆನ್ಸಿಯವರು, ಇವರಿಗೇ ಏನಾದರೂ ಮಾರಲು ಬಂದವರು. ಮೊದಲ ದಿನ ಸಂಜೆಗೆ ಸೊಸೆಯ ಹಿಮ್ಮಡಿ ಊದಿತ್ತು, ನಕ್ಕು ನಕ್ಕು ಕೆನ್ನೆ ಹಿಡಿದುಕೊಂಡಿತ್ತು. ಕೊಟ್ಟ ಕಾರ್ಡುಗಳಲ್ಲಿ ಅರ್ಧ ಪಕ್ಕದ ಕಸದ ಡಬ್ಬಿಯಲ್ಲೇ ಸಿಕ್ಕವು. ಅವನ್ನು ಆರಿಸಿ, ಒರೆಸಿ, ಮತ್ತೆ ಮೇಜಿನ ಮೇಲಿಟ್ಟಳು.

ಎರಡನೇ ದಿನ ಊಟದ ಹೊತ್ತು. ಗಂಡ ಯಾರದೋ ಭಾಷಣ ಕೇಳಲು ಹೋಗಿದ್ದ. ಸೊಸೆ ಮೇಜಿನ ಮರೆಯಲ್ಲಿ ಬ್ರೆಡ್ಡು ಮೊಟ್ಟೆ ತಿನ್ನುತ್ತಿದ್ದಾಗ ಒಬ್ಬ ಹೆಂಗಸು ಬಂದು ನಿಂತಳು. ವಯಸ್ಸು ನಲವತ್ತರ ಆಸುಪಾಸು. ಇಸ್ತ್ರಿ ಮಾಡಿದ ಬಟ್ಟೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಮೇಳಕ್ಕೆ ಬರುವವರ ಪೈಕಿ ಅಲ್ಲ ಎಂದು ನೋಡಿದೊಡನೆ ಗೊತ್ತಾಗುತ್ತಿತ್ತು. ಆಕೆ ಬ್ಯಾನರಿನ ಸಾಲನ್ನು ತುಟಿ ಅಲ್ಲಾಡಿಸುತ್ತಾ ಓದಿದಳು.

"ಇಲ್ಲಿ ಬರೆದಿದ್ದೀರಲ್ಲ, ಸುಳ್ಳಿಲ್ಲದ್ದು ಅಂತ. ಅದನ್ನ ನೋಡಿ ಬಂದೆ. ಬೆಳಿಗ್ಗೆಯಿಂದ ಎಲ್ಲ ಸ್ಟಾಲೂ ಸುತ್ತಿದೆ ಮೇಡಂ. ಯಾರೂ ಕೂತ್ಕೊಳ್ಳಿ ಅನ್ನಲಿಲ್ಲ."

ಸೊಸೆ ಕೈ ಒರೆಸಿಕೊಂಡು ಗಂಡನ ಕುರ್ಚಿ ಎಳೆದು ಕೊಟ್ಟಳು. ಹೆಂಗಸು ಕೂತು ತನ್ನ ಕತೆ ಹೇಳಿದಳು. ಅವಳದೊಂದು ಚಿಕ್ಕ ಬೇಕರಿ. ಒಂದೇ ಒಲೆ, ಒಂದೇ ಬಾಗಿಲು. ಗಂಡ ತೀರಿಕೊಂಡು ಒಂದೂವರೆ ವರ್ಷ. ಆಮೇಲೂ ಅಂಗಡಿ ಹೇಗೋ ನಡೆಯುತ್ತಿತ್ತು. ಇದ್ದಕ್ಕಿದ್ದಂತೆ ಐದಾರು ತಿಂಗಳ ಹಿಂದೆ ಮೊಬೈಲಿನಲ್ಲಿ ಅಂಗಡಿಯ ಹೆಸರಿನ ಕೆಳಗೆ ಜನ ಉಗಿಯಲು ಶುರುಮಾಡಿದರು. ವಾರಕ್ಕೊಂದು, ಎರಡು. ಎಲ್ಲವೂ ಐದರಲ್ಲಿ ಒಂದೇ ಸ್ಟಾರಿನವು. ಹೊಸ ಗಿರಾಕಿ ನಿಂತರು, ಆಮೇಲೆ ಹಳಬರೂ ನಿಂತರು. ಅವುಗಳನ್ನು ತೆಗೆಸಲು ಸಾಧ್ಯವೇ ಎಂದು ಕೇಳಲು ಬಂದಿದ್ದಳು.

"ಯಾರು ಬರೀತಾರೋ ಗೊತ್ತಿಲ್ಲ. ಅಂಗಡಿಗೆ ಬರೋರಲ್ಲೇ ಯಾರೋ ಇರ್ಬೇಕು ಅನ್ಸುತ್ತೆ. ಚಿಲ್ಲರೆ ಕೊಡೋವಾಗ ಒಬ್ಬೊಬ್ಬರ ಮುಖಾನೂ ನೋಡ್ತೀನಿ, ಇವರಾ, ಇವರಾ ಅಂತ."

ಅಷ್ಟರಲ್ಲಿ ಅವಳ ಕಣ್ಣು ಪೋಸ್ಟರಿನ ಮೇಲೆ ಬಿತ್ತು. ಇದು ತನ್ನ ಅಂಗಡಿಯ ಎದುರಿಗೇ ಇರುವ ಬೇಕರಿ, ಇವರಿಗೆ ಮಾಡಿಕೊಟ್ಟದ್ದು ನೀವೇನಾ ಎಂದು ಕೇಳಿದಳು. ಸೊಸೆ ಹೌದೆಂದಳು. ಹೆಂಗಸಿನ ಮುಖ ಅರಳಿತು. "ಹಾಗಾದ್ರೆ ನನಗೂ ಮಾಡಿಕೊಡಿ ಮೇಡಂ. ಇಷ್ಟು ದೊಡ್ಡದು ಬೇಡ. ಮೊದಲಿದ್ದಷ್ಟಾದ್ರೆ ಸಾಕು."

ಚೀಲದಿಂದ ಏಳೆಂಟು ಹಾಳೆ ತೆಗೆದು ಮೇಜಿನ ಮೇಲೆ ಹರಡಿದಳು. ಮೊಬೈಲಿನಲ್ಲಿದ್ದದ್ದನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ಹಾಕಿಸಿದ್ದು. ಸೊಸೆ ಸಮಾಧಾನದ ಮಾತು ಬಾಯಲ್ಲಿ ಸಿದ್ಧವಾಗಿಟ್ಟುಕೊಂಡೇ ಮೊದಲನೆಯದನ್ನು ಎತ್ತಿಕೊಂಡಳು. ಹೆಸರಿನ ಜಾಗದಲ್ಲಿ ಕೇಳದ ಹೆಸರು, ಚಿತ್ರದ ಜಾಗದಲ್ಲಿ ಒಂದು ಹೂವು. ಕೆಳಗೆ ಹೀಗಿತ್ತು:

"ಈ ಬನ್ನು ತಿನ್ನೋ ಬದಲು ತಲೆದಿಂಬು ಕಚ್ಚಬಹುದಿತ್ತು. ಇದನ್ನ ನಾನು ಶತ್ರುಗೂ ಕೊಡಲ್ಲ, ಶತ್ರುವಿನ ಬೆಕ್ಕಿಗೂ ಕೊಡಲ್ಲ."

ಸೊಸೆ ಅದನ್ನು ಎರಡು ಸಲ ಓದಿದಳು. ಕಿವಿಯಲ್ಲಿ ಅತ್ತೆಯ ಸ್ವರ ಕೇಳಿಸಿತು. ಯಾರೋ ಬೇರೆಯವರೂ ಹೀಗೆ ಮಾತಾಡಬಹುದು ಎಂದುಕೊಳ್ಳುತ್ತಾ ಎರಡನೆಯ ಹಾಳೆ ಎತ್ತಿಕೊಂಡಳು.

"ಮೇಲ್ಕಂಡ ಅಂಗಡಿಯಲ್ಲಿ ಖರೀದಿಸಲಾದ ಒಂದು ಪೌಂಡು ಬ್ರೆಡ್ಡಿನಲ್ಲಿ ಬೂಷ್ಟು ಕಂಡುಬಂದಿರುವ ವಿಷಯವನ್ನು ಈ ಮೂಲಕ ಸಾರ್ವಜನಿಕರ ಅವಗಾಹನೆಗೆ ತರಲಾಗಿದೆ."

"ವಿಷಯ" ಎಂಬಲ್ಲಿ ಅವಳ ಕಣ್ಣು ನಿಂತಿತು. ಹಾಲಿನ ಗದ್ದಲವೆಲ್ಲ ದೂರ ಸರಿದು, ಎದುರಿಗೆ ಕೂತ ಹೆಂಗಸಿನ ತುಟಿ ಅಲುಗಾಡುವುದಷ್ಟೇ ಕಾಣುತ್ತಿತ್ತು. ಆಕೆ ಏನೋ ಕೇಳುತ್ತಿದ್ದಳು, ಎಷ್ಟು ದಿನ ಬೇಕಾಗುತ್ತದೆ ಎಂದೋ ಏನೋ. ನೋಡಿ ಹೇಳುತ್ತೇನೆ ಎಂದು ಸೊಸೆ ಹೇಗೋ ಹೇಳಿದಳು. ಹಾಳೆಗಳನ್ನು ಇಟ್ಟುಕೊಳ್ಳಲೇ ಎಂದು ಕೇಳಿದಳು. ಹೆಂಗಸು ಸಂತೋಷದಿಂದ ಕೊಟ್ಟು, ಅಂಗಡಿಯ ನಂಬರು ಬರೆಸಿ, ಎದ್ದಳು. ಹೋಗುವಾಗ ಎರಡೂ ಕೈಯಲ್ಲಿ ಇವಳ ಕೈ ಹಿಡಿದುಕೊಂಡು, ಬಾಯಿಬಿಟ್ಟು ಮಾತಾಡಿದವರು ನೀವೊಬ್ಬರೇ ಎಂದಳು.

ಗಂಡ ಎರಡು ಕಾಫಿ ಹಿಡಿದುಕೊಂಡು ಬಂದಾಗ ಸೊಸೆ ಹಾಳೆಗಳನ್ನು ಬ್ಯಾಗಿಗೆ ಸೇರಿಸಿದ್ದಳು. ಯಾರಾದರೂ ಬಂದಿದ್ದರೇ ಎಂದು ಆತ ಕೇಳಿದ. ಒಬ್ಬರು ಬಂದಿದ್ದರು ಎಂದಳು. ಅಷ್ಟೇ.

ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಅವಳು ಕೂರಲಿಲ್ಲ. ನಿಂತಲ್ಲೇ ಮೊದಲ ಹಾಳೆಯನ್ನು ಓದಿದಳು. ಓದಿ ಮುಗಿಸುವ ಮೊದಲೇ ಅತ್ತೆಯ ಮುಖ ಇಷ್ಟಗಲವಾಯಿತು.

"ಅದು ನಂದೇ ಕಣಮ್ಮ. ತಲೆದಿಂಬು ಅಂತ ನಾನೇ ಹಾಕಿದ್ದು. ಚೆನ್ನಾಗಿದೆ ಅಂತ ನಿನ್ನ ಗಂಡ ಎರಡು ಸಲ ಹೇಳಿದ. ಅಲ್ಲಿ ಪ್ರಿಂಟು ಮಾಡಿ ಹಂಚ್ತಾ ಇದ್ದಾರಾ?"

ತಟ್ಟೆಯ ಮೇಲಿದ್ದ ಗಂಡನ ಕೈ ಅಲ್ಲೇ ನಿಂತಿತು. ಸೊಸೆ ಅವನನ್ನು ನೋಡಿದಳು, ಮಾವನನ್ನು ನೋಡಿದಳು, ಕೊನೆಗೆ ಮಗಳನ್ನು ನೋಡಿದಳು. ಮಗಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ನಾನು ಬರೆದಿಲ್ಲಮ್ಮ. ಅಜ್ಜಿಗೆ, ತಾತಂಗೆ ಅಕೌಂಟು ಮಾಡಿಕೊಟ್ಟೆ ಅಷ್ಟೇ. ಅಪ್ಪ ಹೇಳಿದ್ರು."

"ಎಷ್ಟು?"

"ಅಜ್ಜಿಗೆ ಹದಿನಾಲ್ಕು. ತಾತಂಗೆ ಒಂಬತ್ತು. ತಾತ ಪಾಸ್‌ವರ್ಡ್ ಮರೀತಾ ಇದ್ರು."

ಆಗ ಸೊಸೆ ಕುರ್ಚಿ ಎಳೆದು ಕೂತಳು. ತನ್ನ ಮನೆ, ತನ್ನ ಊಟದ ಮೇಜು, ದಿನಾ ತಾನೇ ಒರೆಸುವ ಮೇಜು. ಅದರ ಸುತ್ತ ಕೂತು ಇವರೆಲ್ಲ ಆರು ತಿಂಗಳಿಂದ ಈ ಕೆಲಸ ಮಾಡಿದ್ದಾರೆ, ತನಗೊಬ್ಬಳಿಗೇ ಗೊತ್ತಿಲ್ಲ. ಅತ್ತೆಗೆ ಅದಕ್ಕಿಂತ ದೊಡ್ಡ ಆಶ್ಚರ್ಯ. ಸೊಸೆಗೆ ಗೊತ್ತಿದ್ದೇ ನಡೆಯುತ್ತಿದೆ ಎಂದೇ ಅವರು ತಿಳಿದಿದ್ದರು. ಏಜೆನ್ಸಿಯ ಕೆಲಸದಲ್ಲಿ ತಮ್ಮದೂ ಒಂದು ಕೈ ಇರಲಿ ಎಂದು ಮಗ ಕೇಳಿದ, ಮಧ್ಯಾಹ್ನದ ಹೊತ್ತು ಸುಮ್ಮನೆ ಕೂರುವ ಬದಲು ಬರೆದರು. ಮಾವನೂ ಅಷ್ಟೇ, ಒಂದೊಂದನ್ನೂ ಮೊದಲು ಕರಡು ಬರೆದು, ತಿದ್ದಿ, ಆಮೇಲೆ ಮೊಬೈಲಿಗೆ ಹಾಕಿದ್ದರು.

ಗಂಡ ಕೈ ತೊಳೆದುಕೊಂಡು ಬಂದು ನಿಂತ. ಜಗಳ ಶುರುವಾಯಿತು. ದೊಡ್ಡ ಬೇಕರಿಯವನೇ ಕೇಳಿದ್ದಂತೆ. ಎದುರಿನದು ಇಳಿಯುವ ತನಕ ತನ್ನದು ಏರುವುದಿಲ್ಲ, ನಿಮ್ಮ ಕೈಲಾಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದನಂತೆ. ಆತ ಹೋದರೆ ಮನೆ ನಡೆಯುವುದು ಹೇಗೆ ಎಂದು ಗಂಡ ಕೇಳಿದ. ಆತ ಹೀಗೆ ಕೇಳಿದ್ದನ್ನು ತನಗೆ ಹೇಳಬಹುದಿತ್ತಲ್ಲ ಎಂದು ಇವಳು ಕೇಳಿದಳು.

"ಹೇಳಿದ್ರೆ ನೀನು ಒಪ್ತಿರ್ಲಿಲ್ಲ."

"ಗೊತ್ತಿತ್ತಲ್ಲ. ಗೊತ್ತಿದ್ದೂ ಆ ಬ್ಯಾನರ್ ಕೆಳಗೆ ನನ್ನನ್ನ ನಿಲ್ಲಿಸಿದ್ರಲ್ಲ ರೀ. ಆಯಮ್ಮ ನನ್ನ ಕೈ ಹಿಡ್ಕೊಂಡು ಥ್ಯಾಂಕ್ಸ್ ಹೇಳಿ ಹೋದ್ಳು."

"ಎಲ್ರೂ ಮಾಡೋದೇ ಇದು. ಮುಂದಿನ ಸಾಲಿನ ಕಂಪನಿಗಳು ಇದನ್ನೇ ಹೋಲ್‌ಸೇಲಾಗಿ ಮಾಡ್ತಾವೆ."

"ಅವರ ಮನೆ ಮಗು ಅಕೌಂಟು ಮಾಡಿಕೊಡಲ್ಲ."

ಅತ್ತೆ ನಿಧಾನವಾಗಿ ಕೇಳಿದರು. "ಯಾವ ಆಯಮ್ಮ?"

ಸೊಸೆ ಹೇಳಿದಳು. ಒಂದೇ ಒಲೆ, ಒಂದೇ ಬಾಗಿಲು, ಪ್ಲಾಸ್ಟಿಕ್ ಚೀಲ, ಚಿಲ್ಲರೆ ಕೊಡುವಾಗ ಮುಖ ನೋಡುವುದು, ಎಲ್ಲವನ್ನೂ ಹೇಳಿದಳು. ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದರು.

"ಅಂಗಡಿ ಇದೆ ಅಂತ ಗೊತ್ತಿತ್ತಮ್ಮ. ಅದರ ಒಳಗೆ ಒಬ್ಬರು ಕೂತಿರ್ತಾರೆ, ಅವರು ಓದ್ತಾರೆ ಅಂತ ನನಗೆ ಹೊಳೀಲೇ ಇಲ್ಲ."

ಮೂರನೇ ದಿನ ಗಂಡ ಹೆಂಡತಿ ಇಬ್ಬರೂ ಮತ್ತೆ ಸ್ಟಾಲಿಗೆ ಹೋದರು. ಹೋಗದೆ ಗತ್ಯಂತರವಿರಲಿಲ್ಲ, ಸಂಜೆ ಸಾಮಾನು ಖಾಲಿ ಮಾಡಬೇಕಿತ್ತು. ಹೋದ ತಕ್ಷಣ ಸೊಸೆ ಪೋಸ್ಟರನ್ನು ಬಿಚ್ಚಿ ಸುತ್ತಿಟ್ಟಳು. ಆಮೇಲೆ ಕುರ್ಚಿ ಹತ್ತಿ ಬ್ಯಾನರನ್ನೂ ಇಳಿಸಿದಳು. ಹಿಂದೆ ಬೋಳು ಹಲಗೆ. ಅದರ ಮುಂದೆ ಇಬ್ಬರೂ ಯಾರೋ ಯಾರಿಗೋ ಎಂಬಂತೆ ನಿಂತರು. ಮಧ್ಯಾಹ್ನ ಟೈ ಕಟ್ಟಿದ ಒಬ್ಬ ಬಂದು, ಪೆಪ್ಪರಮೆಂಟು ಬಾಯಿಗೆ ಹಾಕಿಕೊಂಡು, ತಿಂಗಳಿಗೆ ಎಷ್ಟು ರಿವ್ಯೂ ಕೊಡಬಲ್ಲಿರಿ ಎಂದು ವಿಚಾರಿಸಿದ. ಒಳ್ಳೆಯದಕ್ಕೆ ಒಂದು ದರ, ಕೆಟ್ಟದ್ದಕ್ಕೆ ಒಂದು ದರ ಹೇಳಿ ಎಂದ. ತರಕಾರಿ ದರ ಕೇಳುವವರು ಕೂಡ ಅದಕ್ಕಿಂತ ಹೆಚ್ಚು ಸಂಕೋಚಪಡುತ್ತಾರೆ. ನಾವು ಅದನ್ನು ಮಾಡುವುದಿಲ್ಲ ಎಂದು ಸೊಸೆ ಹೇಳಿದಾಗ, ಆತ ಗಂಡನ ಕಡೆ ತಿರುಗಿ ಉತ್ತರಕ್ಕಾಗಿ ಕಾದ. ಗಂಡ ನೆಲ ನೋಡುತ್ತಾ, "ಮಾಡಲ್ಲ," ಎಂದ. ಆತ ಹೋದ ಮೇಲೆ ಹೆಂಡತಿಯ ಕಡೆ ತಿರುಗಿ ನೋಡಲೂ ಇಲ್ಲ.

ಮುಂದಿನ ಎರಡು ವಾರ ಮನೆ ಮನೆಯಾಗಿರಲಿಲ್ಲ. ಪ್ರತಿದಿನ ಶಾಲೆಯಿಂದ ಬಂದೊಡನೆ ಮಗಳು ಅಜ್ಜಿ ತಾತನ ನಡುವೆ ಕೂತು, ಒಂದೊಂದೇ ಅಕೌಂಟು ತೆರೆದು, ಬರೆದದ್ದನ್ನೆಲ್ಲ ಅಳಿಸಿದಳು. ಮಾವ ಮೊದಲು ಒಪ್ಪಲಿಲ್ಲ. ತಾವು ಬರೆದದ್ದು ಸಭ್ಯವಾದ ಭಾಷೆಯಲ್ಲಿ ಒಂದು ದೂರು, ಬೈಗುಳವಲ್ಲ ಎಂದು ವಾದಿಸಿದರು. ಆ ಅಂಗಡಿಯ ಬ್ರೆಡ್ಡನ್ನು ಕಣ್ಣಿಂದ ನೋಡಿದ್ದೀರಾ ಎಂದು ಮೊಮ್ಮಗಳು ಕೇಳಿದ ಮೇಲೆ ಕನ್ನಡಕ ತೆಗೆದು ಒರೆಸುತ್ತಾ ಕೂತರು. ಗಂಡ ತನ್ನದನ್ನು ತಾನೇ ಅಳಿಸಿದ್ದೇನೆ ಎಂದು ಒಂದು ಮಾತು ಹೇಳಿ ಕೋಣೆ ಸೇರಿದ.

ಸೊಸೆ ಬೇಕರಿಯ ಮಾಲೀಕನಿಗೆ ಫೋನು ಮಾಡಿ, ಇನ್ನು ಮುಂದೆ ಎದುರಂಗಡಿಯ ಸುದ್ದಿಗೆ ಹೋಗುವುದಿಲ್ಲ, ನಿಮ್ಮ ಅಂಗಡಿಯ ಒಳ್ಳೆಯದನ್ನಷ್ಟೇ ಹೇಳುತ್ತೇವೆ ಎಂದಳು. ಆತ ಬಹಳ ಮರ್ಯಾದೆಯಿಂದಲೇ ಮಾತಾಡಿದ. ವಾರದೊಳಗೆ ಕೆಲಸವನ್ನು ಬೇರೆಯವರಿಗೆ ಕೊಟ್ಟ. ಗಂಡ ಊಟದ ಹೊತ್ತು ಬದಲಿಸಿಕೊಂಡ. ಎಲ್ಲರದೂ ಮುಗಿದ ಮೇಲೆ ಅಡುಗೆಮನೆಗೆ ಬಂದು, ನಿಂತೇ ತಿಂದು, ತಟ್ಟೆ ತೊಳೆದಿಟ್ಟು ಹೋಗುತ್ತಿದ್ದ. ಒಂದೊಂದು ದಿನ ಯಾರೂ ಹೇಳದೆ ಬಟ್ಟೆಯ ಬಕೆಟ್ಟು ಎತ್ತಿಕೊಂಡು ಹೋಗಿ ಒಗೆದು ಹಾಕುತ್ತಿದ್ದ.

ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಅತ್ತೆಯ ಮೌನ. ಉಪ್ಪು ಹೆಚ್ಚಾದರೂ ಇಲ್ಲ, ಅನ್ನ ಸೀದರೂ ಇಲ್ಲ. ಬಡಿಸಿದ್ದನ್ನು ತಿಂದು, ಚೆನ್ನಾಗಿದೆ ಎಂದು ಎದ್ದುಬಿಡುತ್ತಿದ್ದರು. ಹದಿನೈದು ವರ್ಷದಲ್ಲಿ ತನ್ನ ಅಡುಗೆಗೆ ಅತ್ತೆಯ ಬಾಯಿಂದ "ಚೆನ್ನಾಗಿದೆ" ಕೇಳಿರದ ಸೊಸೆಗೆ ಅದು ಬೈಗುಳಕ್ಕಿಂತ ಭಾರವಾಯಿತು.

ಒಂದು ಬೆಳಿಗ್ಗೆ ಅತ್ತೆ ಹೊರಗೆ ಹೋಗುವ ಬಟ್ಟೆ ಉಟ್ಟು ಬಾಗಿಲಲ್ಲಿ ನಿಂತಿದ್ದರು.

"ನಡಿ. ಆಯಮ್ಮನ್ನ ನೋಡ್ಕೊಂಡು ಬರೋಣ."

ಏನೆಂದು ಹೇಳುವುದು ಎಂದು ಸೊಸೆ ಕೇಳಿದಳು. ಬರೆಯುವಾಗ ಯಾರನ್ನೂ ಕೇಳಲಿಲ್ಲ, ಹೇಳುವುದಕ್ಕೆ ಯಾಕೆ ಕೇಳಬೇಕು ಎಂದು ಅತ್ತೆ ಚಪ್ಪಲಿ ಮೆಟ್ಟಿದರು. ಸೊಸೆ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ತಮ್ಮ ಮನೆಯವರಿಂದ ತಪ್ಪಾಗಿದೆ, ತನಗೆ ಗೊತ್ತಿರಲಿಲ್ಲ, ಗೊತ್ತಾದ ದಿನವೇ ನಿಲ್ಲಿಸಿದೆ. ಒಳಗೊಳಗೇ ಅವಳಿಗೆ ತನ್ನ ಬಗ್ಗೆ ಒಂದು ನೆಮ್ಮದಿಯೂ ಇತ್ತು. ಈ ಮನೆಯಲ್ಲಿ ಕೈ ಕೊಳೆಯಾಗದವಳು ತಾನೊಬ್ಬಳೇ.

ಬೇಕರಿ ತೆರೆದಿತ್ತು. ಆದರೆ ಬೇಕರಿಯ ವಾಸನೆ ಇರಲಿಲ್ಲ. ಗಾಜಿನ ಕಪಾಟಿನಲ್ಲಿ ಯಾವುದೋ ಕಂಪನಿಯ ಬ್ರೆಡ್ಡು, ಪೊಟ್ಟಣದ ಬಿಸ್ಕತ್ತು. ಹಿಂದಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು, ಒಳಗೆ ಒಲೆಯ ಮೇಲೆ ಖಾಲಿ ಗೋಣಿಚೀಲ ಹಾಸಿತ್ತು. ಹೆಂಗಸು ಇವಳನ್ನು ಕಂಡದ್ದೇ ಎದ್ದುಬಂದು ಸ್ಟೂಲು ಹಾಕಿದಳು. ಎಲ್ಲವೂ ಹೋಯಿತು ಮೇಡಂ, ಒಂದೂ ಉಳಿದಿಲ್ಲ, ನೀವೇ ತೆಗೆಸಿದಿರಲ್ಲವೇ ಎಂದು ಕೇಳಿದಳು. ಎಷ್ಟು ಕೊಡಬೇಕು ಎಂದೂ ಕೇಳಿದಳು.

ಅತ್ತೆ ಕೂರಲಿಲ್ಲ. ಕೌಂಟರಿನ ಮೇಲೆ ಎರಡೂ ಕೈಯೂರಿ ನಿಂತು ಹೇಳಿದರು.

"ಅದನ್ನ ಬರೆದೋಳು ನಾನು. ತಲೆದಿಂಬು ಅಂತ, ಬೆಕ್ಕು ಅಂತ, ಎಲ್ಲ ನಾನೇ. ನಿನ್ನ ಅಂಗಡಿ ಬನ್ನು ನಾನು ತಿಂದೇ ಇಲ್ಲ. ನಮ್ಮ ಯಜಮಾನರೂ ಬರೆದರು, ನನ್ನ ಮಗನೂ ಬರೆದ. ಎದುರಿನ ಅಂಗಡಿಯೋರಿಗೋಸ್ಕರ."

ಹೆಂಗಸಿಗೆ ಮೊದಲು ಅರ್ಥವಾಗಲಿಲ್ಲ. ತಮಾಷೆ ಇರಬಹುದೆಂದು ಸೊಸೆಯ ಮುಖ ನೋಡಿ ನಗಲು ಹೋದಳು. ಸೊಸೆ ತಲೆ ತಗ್ಗಿಸಿದ್ದನ್ನು ಕಂಡು ನಗು ಅರ್ಧಕ್ಕೇ ನಿಂತಿತು. ಹಿಂದಕ್ಕೆ ಸರಿದು ಗೋಡೆಗೆ ಒರಗಿದಳು. ಬೀದಿಯಲ್ಲಿ ಹೋಗುವ ಬಸ್ಸಿನ ಸದ್ದಿಗೆ ಕಪಾಟಿನ ಗಾಜು ಗಡಗಡ ಎಂದು ನಿಂತಿತು.

"ಬನ್ನು ಬ್ರೆಡ್ಡಿನ ಮೇಲೆ ಬರೆದದ್ದೆಲ್ಲ ಹೋಗ್ಲಿ," ಎಂದಳು ಕೊನೆಗೆ. "ಅದನ್ನೆಲ್ಲ ಹೇಗೋ ಸಹಿಸ್ಕೊಂಡೆ. ಒಂದೇ ಒಂದು ಇತ್ತು. ಅದನ್ನ ಪ್ರಿಂಟೂ ಹಾಕಿಸಲಿಲ್ಲ, ಯಾರಿಗೂ ತೋರಿಸಲೂ ಇಲ್ಲ. ಅದನ್ನ ಬರೆದದ್ದು ಯಾರು?"

ಯಾವುದು ಎಂದು ಅತ್ತೆ ಕೇಳಿದರು. ಹೆಂಗಸು ಬಾಯಿಪಾಠ ಒಪ್ಪಿಸುವವಳ ಹಾಗೆ, ಎಲ್ಲೂ ತಡವರಿಸದೆ ಹೇಳಿದಳು.

"ಅವಳ ಗಂಡನ ನೆನಪು ಅವಳಿಗಿಂತ ಆ ಅಂಗಡಿ ಕೇಕಿಗೇ ಜಾಸ್ತಿ ಇದೆ, ಅವನು ಇರೋವಾಗಲೇ ಮಾಡಿಟ್ಟಿದ್ದು."

ಅತ್ತೆ ಜೋರಾಗಿ ತಲೆಯಾಡಿಸಿದರು. ಅದು ತಮ್ಮದಲ್ಲ, ಆಣೆ ಮಾಡಿ ಹೇಳುತ್ತೇನೆ, ಅಂಥದ್ದು ತಮ್ಮ ಬಾಯಲ್ಲಿ ಬರುವುದಿಲ್ಲ ಎಂದರು.

ಹೆಂಗಸು ಅದನ್ನು ಕೇಳಿಸಿಕೊಂಡಂತಿರಲಿಲ್ಲ. ಗಂಡ ಸತ್ತ ಮೇಲೆ ಒಲೆ ನೋಡಿಕೊಳ್ಳುತ್ತಿದ್ದವನು ಅವಳ ಮೈದುನ. ಬೆಳಗಾಗುವ ಮೊದಲೇ ಎದ್ದು ಬಂದು ಹಿಟ್ಟು ಕಲಸುತ್ತಿದ್ದ. ಅಣ್ಣನ ಹಾಗೇ ಕೈ, ಅಣ್ಣನ ಹಾಗೇ ಹದ. ಅಂಗಡಿ ಯಾರ ಹೆಸರಿಗೆ ಎಂಬ ಬಗ್ಗೆ ಇಬ್ಬರಿಗೂ ಒಂದು ಸಣ್ಣ ಮಾತು ಬಂದಿತ್ತು, ಅದೇ ವಾರ ಈ ಸಾಲು ಬಂತು.

"ನಮ್ಮನೆ ವಿಷಯ ಗೊತ್ತಿರೋರು ಬಿಟ್ಟು ಬೇರೆ ಯಾರು ಹಾಗೆ ಬರೀತಾರೆ ಅಂದ್ಕೊಂಡೆ. ಅವನಿಗೆ ನೀನೇ ಬರೆದದ್ದು ಅಂದೆ. ಅವನು ಅತ್ತಿಗೆ, ನಾನಲ್ಲ ಅತ್ತಿಗೆ ಅಂತ ಕಾಲು ಹಿಡಿಯೋಕೆ ಬಂದ. ನಾನು ಬಾಗಿಲು ಹಾಕ್ಕೊಂಡೆ. ಹೋದೋನು ಇವತ್ತಿಗೆ ಐದು ತಿಂಗಳು. ಒಲೆ ಆರಿದ್ದು ಗಿರಾಕಿ ಬರದೇ ಅಲ್ಲ ಮೇಡಂ. ಬೇಯ್ಸೋರಿಲ್ಲದೆ."

ಆ ಸಾಲನ್ನು ಕೇಳಿದ ಕ್ಷಣದಿಂದ ಸೊಸೆಯ ಕಣ್ಣ ಮುಂದೆ ಒಂದು ಸಂಜೆ ಬಂದು ನಿಂತಿತ್ತು. ದೊಡ್ಡ ಬೇಕರಿಯ ಕೆಲಸ ಸಿಕ್ಕ ಹೊಸತು. ಮನೆಯಲ್ಲಿ ಎಲ್ಲರೂ ಖುಷಿಯಾಗಿದ್ದರು. ಮಾಲೀಕನ ಜೊತೆ ಮಾತಾಡಿ ಬಂದವಳು ಊಟ ಬಡಿಸುತ್ತಾ ಅಲ್ಲಿಯ ಸುದ್ದಿ ಹೇಳಿದ್ದಳು. ಎದುರಿಗೊಂದು ಸಣ್ಣ ಅಂಗಡಿ ಇದೆಯಂತೆ, ಗಂಡ ಸತ್ತ ಮೇಲೆ ಹೆಂಡತಿ ನಡೆಸುತ್ತಾಳಂತೆ ಎಂದು. ಅವಳು ಆ ಅಂಗಡಿಯನ್ನು ನೋಡಿರಲಿಲ್ಲ. ಕೇಕು ತಿಂದಿರಲಿಲ್ಲ. ನಾಲ್ಕು ಜನ ನಗಲಿ ಎಂದು, ಸೌಟು ಕೈಯಲ್ಲಿ ಹಿಡಿದುಕೊಂಡೇ ಆ ಮಾತು ಆಡಿದ್ದಳು. ಅಕ್ಷರಕ್ಕೆ ಅಕ್ಷರ ಅದೇ ಮಾತು. ಎಲ್ಲರೂ ನಕ್ಕಿದ್ದರು. ಮಗಳಿಗೆ ನಗುತ್ತಾ ನಗುತ್ತಾ ಅನ್ನ ನೆತ್ತಿಗೇರಿತ್ತು. ಗಂಡ ಮೊಬೈಲು ತೆಗೆದು ಏನೋ ಒತ್ತುತ್ತಿದ್ದ. ಅವಳು ಅವನಿಗೆ, ಊಟದ ಹೊತ್ತಿನಲ್ಲಾದರೂ ಅದನ್ನು ಕೆಳಗಿಡಬಾರದೇ ಎಂದಿದ್ದಳು.

ಅತ್ತೆ ಸೊಸೆಯ ಕಡೆ ತಿರುಗಿದರು. ಅವರಿಗೂ ನೆನಪಾಗಿತ್ತು. ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಈಗ ಸೊಸೆಗೆ ಕೆಲಸಕ್ಕೆ ಬರುವಂತಿರಲಿಲ್ಲ. ತಾನು ಸುಮ್ಮನಿದ್ದರೆ ಅದು ಗಂಡನ ತಲೆಯ ಮೇಲೆ ಹೋಗುತ್ತದೆ, ಅವನು ಬರೆದದ್ದೂ ನಿಜವೇ, ಎಂಬುದು ಒಂದು ಕ್ಷಣ ಅವಳ ಮನಸ್ಸಿನಲ್ಲಿ ಬಂದು ಹೋಯಿತು.

"ಅದು ನಾನು ಹೇಳಿದ್ದು," ಎಂದಳು. "ನನ್ನ ಗಂಡ ಬರೆದ, ಆದರೆ ಮಾತು ನಂದು. ಊಟಕ್ಕೆ ಕೂತಾಗ ನಗಿಸೋಕೆ ಹೇಳಿದ್ದು. ನಿಮ್ಮ ಮೈದುನಂಗೂ ಅದಕ್ಕೂ ಏನೂ ಸಂಬಂಧ ಇಲ್ಲ."

ಮೇಳದಲ್ಲಿ ಕುರ್ಚಿ ಎಳೆದು ಕೂರಿಸಿದವಳು ಇವಳೇ ಹೌದೇ ಎಂದು ಗುರುತು ಹಿಡಿಯುವವಳ ಹಾಗೆ ಹೆಂಗಸು ನೋಡಿದಳು. ಗೋಡೆಯಿಂದ ಬೆನ್ನು ಎತ್ತಿ, ಗಲ್ಲಾದ ಪಕ್ಕದಲ್ಲಿದ್ದ ಮೊಬೈಲು ತೆಗೆದುಕೊಂಡಳು. ಅವಳ ಬೆರಳು ಒಂದು ಹೆಸರಿನ ಮೇಲೆ ಬಂದು ನಿಂತು, ಹಿಂದೆ ಸರಿದು, ಮತ್ತೆ ಬಂದು ಒತ್ತಿತು. ಫೋನನ್ನು ಕಿವಿಗಿಡದೆ ಕೌಂಟರಿನ ಆಚೆಗೆ ಚಾಚಿದಳು.

"ನನಗೆ ಅವನ ಹತ್ರ ಮಾತಾಡೋ ಮುಖ ಇಲ್ಲ. ನೀವೇ ಹೇಳಿ."

ಸೊಸೆ ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡಳು. ಅತ್ತ ಕಡೆ ಗಂಟೆ ಬಡಿಯುತ್ತಿತ್ತು. ಒಂದು, ಎರಡು, ಮೂರು. ಎತ್ತುವುದಿಲ್ಲವೇನೋ ಅನ್ನಿಸುವಷ್ಟರಲ್ಲಿ ಗಂಟೆ ನಿಂತು, ಯಾವುದೋ ಕಾರ್ಖಾನೆಯ ಗದ್ದಲದ ನಡುವಿನಿಂದ, ನಂಬಲಾರದ ಸ್ವರದಲ್ಲಿ ಒಬ್ಬ ಗಂಡಸು ಕೇಳಿದ.

"ಅತ್ತಿಗೆ?"

"ನಿಮ್ಮ ಅತ್ತಿಗೆ ಇಲ್ಲೇ ಇದ್ದಾರೆ," ಎಂದು ಸೊಸೆ ಶುರುಮಾಡಿದಳು. "ನಾನು ಯಾರು ಅಂತ ಹೇಳ್ತೀನಿ. ದಯವಿಟ್ಟು ಫೋನ್ ಇಡಬೇಡಿ."